ಬಚ್ಚಲುಮನೆ ಬಾಗಿಲಿಗೆ ‘ನಾಳೆ ಬಾ’

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೈಸೂರಿನ ನಮ್ಮ ಮನೆ ಜಗಲಿಯಲ್ಲಿ ಸಭೆ ಸೇರುತ್ತದೆ. ಸಭೆ ಅಂದರೆ ನಾಲ್ಕೇ ಜನ. ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು, ಒಂದು ಕಾಲಕ್ಕೆ ಸ್ಟುಡಿಯೋ ಇಟ್ಟಿದ್ದ ಶೆಟ್ಟರು, ಪಕ್ಕದ ಬೀದಿಯ ಸಾಫ್ಟ್‌ವೇರ್ ಹುಡುಗ, ಆಮೇಲೆ ನಾನು. ಕಾಫಿ ನಮ್ಮನೆಯದು, ಹಾಗಾಗಿ ನನ್ನ ಮಾತಿಗೆ ಬೆಲೆ ಕಮ್ಮಿ.

ಮೊನ್ನೆ ಹುಡುಗ ಒಂದು ಕವರ್ ತಂದು ಚಾಪೆ ಮೇಲೆ ಸುರಿದ. ಎಚ್‌ಪಿ5, ಎಫ್‌ಪಿ4, ಟ್ರೈ-ಎಕ್ಸ್, ಟಿ-ಮ್ಯಾಕ್ಸ್, ಡೆಲ್ಟಾ. ಎಲ್ಲ ಕ್ಯಾಮೆರಾಗೆ ಹಾಕುವ ಕಪ್ಪು-ಬಿಳುಪು ಫಿಲ್ಮು. ಐದು ರೋಲು, ಐದೂ ಬೇರೆ ಬೇರೆ. ಜೊತೆಗೆ ಮೂರು ಥರದ ಡೆವಲಪರ್, ಅಂದರೆ ಫಿಲ್ಮ್ ತೊಳೆದು ಚಿತ್ರ ಮೂಡಿಸುವ ಕೆಮಿಕಲ್.

“ಇದ್ರಲ್ಲಿ ಯಾವ್ದು ಬೆಸ್ಟ್ ಅಂಕಲ್?”

ಶೆಟ್ಟರು ಕನ್ನಡಕ ಹಣೆಗೆ ಏರಿಸಿದರು. “ಏನಪ್ಪಾ, ಅಂಗಡಿ ಇಡ್ತೀಯಾ?”

“ಒಂದೊಂದೇ ಟ್ರೈ ಮಾಡಿ ನೋಡೋಣ ಅಂತ.”

“ದಿನಾ ಅಕ್ಕಿ ಬದಲಾಯಿಸಿದ್ರೆ ಅನ್ನ ಮಾಡೋದು ಯಾವತ್ತು ಕಲೀತೀಯ? ಹೊಸ ಅಕ್ಕಿಗೆ ನೀರು ಕಮ್ಮಿ, ಹಳೇ ಅಕ್ಕಿಗೆ ಜಾಸ್ತಿ. ಒಂದೇ ಮೂಟೆ ಅಕ್ಕಿ ಮುಗಿಸೋ ಹೊತ್ತಿಗೆ ಅಳತೆ ಕೈಗೇ ಗೊತ್ತಾಗುತ್ತೆ. ಫಿಲ್ಮೂ ಅಷ್ಟೇ. ಒಂದು ಫಿಲ್ಮು, ಒಂದು ಡೆವಲಪರ್. ಇಪ್ಪತ್ತು ರೋಲ್ ತೊಳೆ, ಆಮೇಲೆ ಮಾತಾಡು.”

ಇಷ್ಟಕ್ಕೆ ನಿಲ್ಲಿಸಿದ್ದರೆ ಅವರು ಶೆಟ್ಟರು ಹೇಗಾದಾರು? “ನಮ್ಮ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಇತ್ತು. ಅಂಗಡಿಗೆ ಹೊಸದಾಗಿ ಸೇರಿದ್ದ ಹುಡುಗನಿಗೆ ‘ಇಂದು ಕೊಡಪ್ಪಾ’ ಅಂದೆ. ‘ಇವತ್ತೇ ಕೊಡ್ತೀನಿ ಸಾರ್, ಏನು ಬೇಕು ಹೇಳಿ’ ಅಂದ!”

ಈ ಜೋಕಿಗೆ ನಾವು ಹನ್ನೊಂದನೇ ಸಲ ನಕ್ಕೆವು.

ನಾನು ಕೇಳಿದೆ, “ನೀನು ತೆಗೆಯೋದಾದ್ರೂ ಏನು?” ಹಗಲು ದೇವರಾಜ ಮಾರ್ಕೆಟ್, ರಾತ್ರಿ ಅಜ್ಜಿ ಊರಿನ ಯಕ್ಷಗಾನ ಅಂದ. ಹಾಗಾದರೆ 400ರ ಫಿಲ್ಮೇ ಸರಿ ಅಂದೆ; ನಂಬರ್ ಹೆಚ್ಚಾದಷ್ಟೂ ಕಮ್ಮಿ ಬೆಳಕು ಸಾಕು. ಮಾರ್ಕೆಟ್ಟಿನ ತಗಡಿನ ನೆರಳಲ್ಲಿ 100ರ ಫಿಲ್ಮ್ ಹಾಕಿಕೊಂಡು ಓಡಾಡಿದರೆ ಕೈ ನಡುಗಿದ್ದೆಲ್ಲ ಫೋಟೋದಲ್ಲಿ ಬರುತ್ತದೆ. ಎಚ್‌ಪಿ5 ಆಗಲಿ ಟ್ರೈ-ಎಕ್ಸ್ ಆಗಲಿ, ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡರಷ್ಟು) ಜಾಸ್ತಿ ಬಿದ್ದರೂ ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಕಮ್ಮಿ ಬಿದ್ದರೆ ಮಾತ್ರ ಕ್ಷಮೆ ಇಲ್ಲ.

“ಯಕ್ಷಗಾನಕ್ಕೆ 1600ಕ್ಕೆ ಪುಷ್ ಮಾಡ್ಲಾ? 1600ರ ಫಿಲ್ಮ್ ಅಂತಲೇ ತೆಗೆದು, ಡೆವಲಪರಲ್ಲಿ ಹೆಚ್ಚು ಹೊತ್ತು ಇಡೋದು?”

“ಮಾಡು. ಕಿರೀಟ ಮಿಂಚುತ್ತೆ. ಹಿಂದೆ ಕೂತ ಭಾಗವತರು ಮಾಯ ಆಗ್ತಾರೆ,” ಅಂದರು ಮೇಷ್ಟ್ರು. “ಡೆವಲಪರಲ್ಲಿ ಎಷ್ಟು ಹೊತ್ತು ಹೆಚ್ಚಿಗೆ ಇಟ್ಟರೂ ಬೆಳಕಿರೋ ಜಾಗ ಇನ್ನಷ್ಟು ಗಟ್ಟಿಯಾಗುತ್ತೆ ಅಷ್ಟೇ. ಬೆಳಕೇ ಬೀಳದ ಕಡೆ ಏನು ಹುಟ್ಟುತ್ತೆ?”

ಹುಡುಗ ತನ್ನ ಮೊದಲ ರೋಲಿನ ಕಥೆ ತೆಗೆದ. ಮಾರ್ಕೆಟ್ಟಿನಲ್ಲಿ ಗೋಪುರದ ಹಾಗೆ ಗುಡ್ಡೆ ಹಾಕಿಟ್ಟ ಕೆಂಪು, ಹಸಿರು, ನೀಲಿ ಪುಡಿಗಳನ್ನು ಆಸೆಯಿಂದ ತೆಗೆದಿದ್ದನಂತೆ. ಪ್ರಿಂಟಿನಲ್ಲಿ ಎಲ್ಲವೂ ಒಂದೇ ಬೂದಿ.

“ಕುಂಕುಮ ತೆಗೆದೆ ಅಂಕಲ್, ವಿಭೂತಿ ಬಂತು.”

ಶೆಟ್ಟರು ಕಾಫಿ ಉಗುಳುವುದೊಂದು ಬಾಕಿ. ನಕ್ಕು ಸುಧಾರಿಸಿಕೊಂಡು ಹೇಳಿದರು: ಕೆಂಪು ಫಿಲ್ಟರ್ ಹಾಕಿದರೆ ಕುಂಕುಮ ಇನ್ನೂ ಬೆಳ್ಳಗಾಗುತ್ತದೆ, ಹಸಿರು ಹಾಕಿದರೆ ಕಪ್ಪಾಗುತ್ತದೆ. ಫಿಲ್ಟರ್ ತನ್ನ ಬಣ್ಣವನ್ನು ಬಿಡುತ್ತದೆ, ಎದುರಿನ ಬಣ್ಣವನ್ನು ತಡೆಯುತ್ತದೆ. ಬರೀ ಮೋಡ ಎದ್ದು ಕಾಣಬೇಕಾದರೆ ಹಳದಿ ಸಾಕು.

ಡೆವಲಪರ್ ಮಾತು ಬಂದದ್ದೇ ತಡ, ಮೇಷ್ಟ್ರಿಗೆ ಮೈಮೇಲೆ ಬಂತು. “ರೋಡಿನಾಲ್! ಬಾಟಲಿ ತೆರೆದಿಟ್ಟರೂ ವರ್ಷಗಟ್ಟಲೆ ಕೆಡಲ್ಲ. ಒಂದು ಪಾಲಿಗೆ ಐವತ್ತು ಪಾಲು ನೀರು. ತೊಳಿ, ಚೆಲ್ಲು. ತಿಂಗಳಿಗೊಂದು ರೋಲ್ ತೊಳೆಯೋನಿಗೆ ಇನ್ನೇನು ಬೇಕು?”

“ಫೋಟೋದಲ್ಲಿ ಕಾಣೋ ಕಾಳು, ಆ ಗ್ರೇನು, ಬನ್ಸಿ ರವೆ ಥರ ಬರುತ್ತೆ ಮೇಷ್ಟ್ರೇ. ಚಿರೋಟಿ ರವೆ ಬೇಕು ಅಂದ್ರೆ ಐಡಿ-11 ಡೆವಲಪರ್,” ಅಂದರು ಶೆಟ್ಟರು.

ಅರ್ಧ ಗಂಟೆ ರವೆ ಮೇಲೇ ಹೋಯಿತು. ಒಳಗಿನಿಂದ ನಮ್ಮನೆಯವಳು, “ಉಪ್ಪಿಟ್ಟು ಮಾಡ್ಲಾ ಬೇಡ್ವಾ, ಸರಿಯಾಗಿ ಹೇಳಿ” ಅಂದಳು. ಮಾಡಿದ್ದು ಬನ್ಸಿ ರವೆಯದು. ಆ ಸುತ್ತು ಮೇಷ್ಟ್ರು ಗೆದ್ದರು. ನನ್ನ ವೋಟು ಮಾತ್ರ ಐಡಿ-11ಕ್ಕೆ, ಮುಖ್ಯವಾಗಿ 35 ಎಂಎಂನಂಥ ಸಣ್ಣ ಫಿಲ್ಮಿಗೆ.

ನಿಜವಾದ ತಲೆನೋವು ನೀರಿನ ಬಿಸಿ. ಪುಸ್ತಕದಲ್ಲಿ 20 ಡಿಗ್ರಿ ಅಂತ ಇರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿಯಲ್ಲಿ ಬರುವುದು 27. ಹುಡುಗ ಬುದ್ಧಿ ಓಡಿಸಿ ಡೆವಲಪರಿನ ಒಳಗೇ ಐಸ್ ತುಂಡು ಹಾಕಿದ್ದನಂತೆ. ಅದು ಕರಗಿ ಡೆವಲಪರ್ ತಿಳಿಸಾರಾಯಿತು, ನೆಗೆಟಿವ್ ಇದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ಬಂತು. ಐಸ್ ಹಾಕಬೇಕಾದ್ದು ಬಕೆಟ್ಟಿಗೆ, ಬಾಟಲಿಯನ್ನು ಆ ಬಕೆಟ್ಟಿನಲ್ಲಿ ಕೂರಿಸಬೇಕು. 24ಕ್ಕೆ ಇಳಿದರೂ ಸಾಕು, ಹೊತ್ತು ಕಮ್ಮಿ ಮಾಡಿಕೊಂಡರಾಯಿತು. ಎಚ್‌ಪಿ5ಗೆ ಐಡಿ-11 ಅರ್ಧಕ್ಕರ್ಧ ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 13 ನಿಮಿಷ, 24ರಲ್ಲಿ ಹೆಚ್ಚುಕಮ್ಮಿ 9. ಐದು ನಿಮಿಷಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ, ಕಲೆಕಲೆಯಾಗಿ ಬರುತ್ತದೆ.

ಇಷ್ಟೆಲ್ಲ ಬಲ್ಲ ನಾನು ತಂಗಿ ಮಗಳ ನಾಮಕರಣದ ರೋಲಿಗೆ ಡೆವಲಪರ್ ಬದಲು ಫಿಕ್ಸರ್ (ಮೂಡಿದ ಚಿತ್ರ ನಿಲ್ಲಿಸಿ, ಉಳಿದದ್ದನ್ನು ತೊಳೆದುಹಾಕುವ ಕೆಮಿಕಲ್) ಮೊದಲು ಸುರಿದವನು. ಎರಡೂ ಬಾಟಲಿ ಒಂದೇ ಥರ, ಎರಡರಲ್ಲೂ ನೀರಿನಂಥ ನೀರು. ರೀಲ್ ಬಿಚ್ಚಿದರೆ ಗಾಜಿನ ಹಾಗೆ ಫಳಫಳ. ಶೆಟ್ಟರು ಅದನ್ನು ಬೆಳಕಿಗೆ ಹಿಡಿದು ಅಂಚು ನೋಡಿದರು. “ಅಂಚಲ್ಲಿ ಕಂಪನಿ ನಂಬರ್ ಇರುತ್ತೆ, ಡೆವಲಪ್ ಆದ್ರೆ ಮಾತ್ರ ಕಾಣುತ್ತೆ. ಅದಿದ್ದು ಫೋಟೋ ಇಲ್ದಿದ್ರೆ ತಪ್ಪು ಕ್ಯಾಮೆರಾದ್ದು, ರೋಲ್ ಮುಂದಕ್ಕೇ ಹೋಗಿಲ್ಲ ಅಂತ. ನಂಬರೂ ಇಲ್ಲ ಅಂದ್ರೆ ತಪ್ಪು ನಿಮ್ದು.” ನಂಬರ್ ಇರಲಿಲ್ಲ. ತಂಗಿಗೆ ಮಾತ್ರ ಕ್ಯಾಮೆರಾ ಕೈಕೊಟ್ಟಿತು ಅಂತಲೇ ಹೇಳಿದ್ದೇನೆ.

“ಸ್ಕ್ಯಾನ್ ಮಾಡಿದ್ರೆ ಸಾಕಲ್ವಾ? ಪ್ರಿಂಟ್ ಯಾಕೆ?” ಅಂದ ಹುಡುಗ. ಇದಕ್ಕೆ ಬಾಯಲ್ಲಿ ಉತ್ತರ ಕೊಟ್ಟು ಪ್ರಯೋಜನವಿಲ್ಲ. ರಾತ್ರಿ ಊಟ ಆದ ಮೇಲೆ ಬಾ ಅಂದೆ.

ನಮ್ಮ ಡಾರ್ಕ್‌ರೂಮು ಅಂದರೆ ಬಚ್ಚಲುಮನೆ. ಕಿಟಕಿಗೆ ಕಂಬಳಿ, ಬಕೆಟ್ ಮೇಲೆ ಹಲಗೆ, ಹಲಗೆ ಮೇಲೆ ಮೂರು ಟ್ರೇ. ಕೆಂಪು ದೀಪಕ್ಕೆ ಮೊದಲು ದೇವರ ಮನೆಯ ಜೀರೋ ಬಲ್ಬ್ ತಂದಿದ್ದೆ. ಪೇಪರ್ ಮೇಲೆ ಒಂದು ರೂಪಾಯಿ ಇಟ್ಟು, ಆ ಬೆಳಕಲ್ಲಿ ಐದು ನಿಮಿಷ ಬಿಟ್ಟು, ಪೇಪರನ್ನು ಡೆವಲಪರಿಗೆ ಹಾಕಿ ನೋಡಿದೆ. ಬೂದು ಪೇಪರ್ ನಡುವೆ ಬೆಳ್ಳಗೆ ರೂಪಾಯಿ ಮೂಡಿತು. ಕಣ್ಣಿಗೆ ಕೆಂಪು, ಪೇಪರಿಗೆ ಹಗಲು. ಬಲ್ಬು ವಾಪಸ್ ದೇವರಿಗೇ ಹೋಯಿತು, ಪೇಪರಿಗೆ ಕಾಣದ ಸರಿಯಾದ ಸೇಫ್‌ಲೈಟ್ ಬಂತು.

ಪ್ರಿಂಟ್ ಹಾಕುವ ಪೇಪರ್ ವಿಷಯದಲ್ಲಿ ಮೇಷ್ಟ್ರದು ಫೈಬರ್ ಪಕ್ಷ, ಅಂದರೆ ಪ್ಲಾಸ್ಟಿಕ್ ಲೇಪ ಇಲ್ಲದ ಕಾಗದ. ಕಪ್ಪು ಚೆಂದ, ನಿಜ. ಆದರೆ ಅದನ್ನು ತೊಳೆಯುವುದಕ್ಕೇ ಒಂದು ಗಂಟೆ ನೀರು ಬಿಡಬೇಕು, ಒಣಗಿದರೆ ಹಪ್ಪಳದ ಹಾಗೆ ಸುರುಳಿ. ಕಲಿಯುವವರಿಗೆ ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರೇ ಸೈ, ಎರಡು ನಿಮಿಷ ತೊಳೆದರೆ ಮುಗಿಯಿತು. ಮಲ್ಟಿಗ್ರೇಡ್ ಪೇಪರ್ ಒಂದೇ ಡಬ್ಬ ಸಾಕು, ಕಾಂಟ್ರಾಸ್ಟನ್ನು (ಕಪ್ಪು-ಬಿಳುಪಿನ ಅಂತರ) ಫಿಲ್ಟರಲ್ಲಿ ಬದಲಾಯಿಸಿಕೊಳ್ಳಬಹುದು. ಮೊದಲು 2ನೇ ನಂಬರ್ ಹಾಕಿ ನೋಡಿ, ಸಪ್ಪೆ ಅನ್ನಿಸಿದರೆ 3. ಪೇಪರ್ ಉಳಿಸುತ್ತೇನೆ ಅಂತ ಟೆಸ್ಟ್ ಸ್ಟ್ರಿಪ್ (ಸಣ್ಣ ತುಂಡಿನ ಮೇಲೆ ಬೆಳಕಿನ ಹೊತ್ತು ನೋಡುವುದು) ಬಿಟ್ಟವರು ಇಡೀ ಡಬ್ಬ ಖಾಲಿ ಮಾಡುತ್ತಾರೆ. ನಾನೂ ಮಾಡಿದ್ದೇನೆ.

ಇನ್ನು ಬಾಗಿಲು. ಚಿಲಕ ಇಲ್ಲ. ಹೋದ ತಿಂಗಳು ಕಾಫಿ ಬೇಕಾ ಅಂತ ಕೇಳಲು ಯಾರೋ ತೆರೆದು ಅರ್ಧ ಡಬ್ಬ ಪೇಪರ್ ಕಪ್ಪಾಗಿತ್ತು. ತೊಂಬತ್ತರ ದಶಕದಲ್ಲಿ ದೆವ್ವಕ್ಕೆ ಹೆದರಿ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಶೆಟ್ಟರು ಸೀಮೆಸುಣ್ಣ ತಗೊಂಡು ಅದನ್ನೇ ಬರೆದರು.

ನಾಲ್ಕು ಜನ ಒಳಗೆ. ಮೇಷ್ಟ್ರು ಕಮೋಡಿನ ಮುಚ್ಚಳದ ಮೇಲೆ ಕೂತು ಸೆಕೆಂಡ್ ಎಣಿಸಿದರು. ನೆಗೆಟಿವ್ ಮೂಲಕ ಬೆಳಕು ಬಿಟ್ಟ ಪೇಪರನ್ನು ಡೆವಲಪರ್ ಟ್ರೇಗೆ ಬಿಟ್ಟು ಹುಡುಗನ ಕೈಗೆ ಚಿಮಟ ಕೊಟ್ಟೆ. ಹದಿನೈದು ಸೆಕೆಂಡ್ ಏನೂ ಇಲ್ಲ. ಆಮೇಲೆ ಒಂದು ಹುಬ್ಬು ಬಂತು. ಹಿಂದೆಯೇ ಮೀಸೆ. ಹೂವಿನ ಅಂಗಡಿಯ ಅಜ್ಜ ನೀರೊಳಗಿಂದ ನಮ್ಮನ್ನು ನೋಡತೊಡಗಿದ. ಹುಡುಗ ಉಸಿರೇ ಬಿಡಲಿಲ್ಲ. ಸ್ಕ್ಯಾನ್ ಮಾತು ಮತ್ತೆ ಎತ್ತಲೂ ಇಲ್ಲ.

ಆಗ ಬಾಗಿಲು ಬಡಿದ ಸದ್ದು.

“ತೆಗೀಬೇಡಿ!” ನಾಲ್ವರೂ ಕೂಗಿದೆವು. “ಹೊರಗೆ ಬರೆದಿದೆ, ಓದ್ಕೋ!”

“ಓದಿದೆ ರೀ,” ಅಂದಳು ನಮ್ಮನೆಯವಳು. “ಹನ್ನೆರಡು ಹೊಡೆದಾಯ್ತು. ನಾಳೆ ಬಂತು, ನಾನೂ ಬಂದೆ. ಈಚೆ ಬರ್ತೀರಾ?”