ಸಹಾಯ ಬೇಕು: ಬೆಟ್ಟಿ ಶಬಾಜ್ ಅವರ ಹುದ್ದೆಗೆ ಸೂಕ್ತ ಕನ್ನಡ ಪದ

ಮಾನ್ಯರೇ,

ಬೆಟ್ಟಿ ಶಬಾಜ್ ಅವರ ಅಧ್ಯಾಪನ ಜೀವನದ ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. 1965ರ ಫೆಬ್ರವರಿಯಲ್ಲಿ ಪತಿ, ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ ಹತ್ಯೆಯಾದಾಗ ಅವರು ಗರ್ಭಿಣಿಯಾಗಿದ್ದರು. ಅದೇ ವರ್ಷ ಅವಳಿ ಹೆಣ್ಣುಮಕ್ಕಳು ಜನಿಸಿದರು. ದಾದಿಯ ತರಬೇತಿ ಪಡೆದಿದ್ದ ಅವರು ಆರು ಹೆಣ್ಣುಮಕ್ಕಳನ್ನು ಸಾಕುತ್ತಲೇ ಮತ್ತೆ ಓದಿಗೆ ಕುಳಿತು, 1975ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಿಂದ ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1976ರಲ್ಲಿ ಬ್ರೂಕ್ಲಿನ್‌ನ ಮೆಡ್ಗರ್ ಎವರ್ಸ್ ಕಾಲೇಜಿನಲ್ಲಿ ಆರೋಗ್ಯ ವಿಜ್ಞಾನದ ಸಹ ಪ್ರಾಧ್ಯಾಪಕಿಯಾದರು. 1963ರಲ್ಲಿ ಗುಂಡೇಟಿಗೆ ಬಲಿಯಾದ ಮತ್ತೊಬ್ಬ ಹೋರಾಟಗಾರನ ಹೆಸರು ಹೊತ್ತ ಕಾಲೇಜು ಅದು ಎಂಬುದನ್ನು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಂತಿತು.

ನಾನು ಸಿಲುಕಿರುವುದು ಅವರ ನಂತರದ ಹುದ್ದೆಯಲ್ಲಿ. ಅಲ್ಲಿ ಅವರು ‘ಡೈರೆಕ್ಟರ್ ಆಫ್ ಇನ್‌ಸ್ಟಿಟ್ಯೂಷನಲ್ ಅಡ್ವಾನ್ಸ್‌ಮೆಂಟ್’ ಆದರು; ಅಂದರೆ ಕಾಲೇಜಿಗೆ ದೇಣಿಗೆ ತರುವುದು, ಹೊರಗಿನವರಲ್ಲಿ ಅದರ ಪರವಾಗಿ ಮಾತನಾಡುವುದು ಅವರ ಹೊಣೆಯಾಗಿತ್ತು. ‘ಅಭಿವೃದ್ಧಿ ನಿರ್ದೇಶಕಿ’ ಎಂದು ಬರೆದರೆ ನಮ್ಮ ಓದುಗರಿಗೆ ಕಟ್ಟಡ ಕಾಮಗಾರಿ ನೆನಪಾಗುತ್ತದೆ. ‘ಸಾಂಸ್ಥಿಕ ಮುನ್ನಡೆ’ ಎಂಬುದು ಅರ್ಥವನ್ನೇ ಕೊಡುವುದಿಲ್ಲ. ‘ನಿಧಿ ಸಂಗ್ರಹಾಧಿಕಾರಿ’ ಎಂದರೆ ಅರ್ಧ ಕೆಲಸವಷ್ಟೇ ತಿಳಿಯುತ್ತದೆ, ಹುದ್ದೆಯ ಘನತೆಯೂ ಕುಗ್ಗುತ್ತದೆ. ಎರಡು ನಿಘಂಟುಗಳನ್ನು ನೋಡಿದೆ, ಆಡಳಿತದ ಅನುಭವವಿರುವ ಸಹೋದ್ಯೋಗಿಗಳನ್ನೂ ಕೇಳಿದೆ, ಸಮಾಧಾನವಾಗಲಿಲ್ಲ.

ದೇಣಿಗೆ ಮತ್ತು ಸಾರ್ವಜನಿಕ ಸಂಪರ್ಕ ಎರಡನ್ನೂ ಸೂಚಿಸುವ, ಪದವಿ ವಿದ್ಯಾರ್ಥಿಗೆ ಓದಿದೊಡನೆ ತಿಳಿಯುವ ಕನ್ನಡ ಹುದ್ದೆನಾಮ ಯಾವುದು? ಇಲ್ಲವೇ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡು ಒಂದು ವಾಕ್ಯದಲ್ಲಿ ವಿವರಿಸುವುದೇ ಸರಿಯೇ?