ಆಂಪ್ಲಿಫೈಯರ್ ಆನ್ ಮಾಡಿದ ಕೂಡಲೇ ಫ್ಯೂಸ್ ಹೋಗುತ್ತಿದೆ

ಭಜನೆಮನೆ:
ನಮಸ್ಕಾರ ರೀ. ಆಳಂದ ಕಡೆಯ ನಮ್ಮೂರ ಗುಡಿಯಲ್ಲಿ ಭಜನೆಗೆ ಹಳೆಯ ಆಂಪ್ಲಿಫೈಯರ್ ಇದೆ. 18-0-18 ಟ್ರಾನ್ಸ್‌ಫಾರ್ಮರ್, ಎರಡು 4700 ಮೈಕ್ರೋಫ್ಯಾರಡ್ ಕೆಪಾಸಿಟರ್, ಪ್ರೀಆಂಪ್‌ಗೆ 7812, 7912 ರೆಗ್ಯುಲೇಟರ್ (ಪ್ಲಸ್ 12, ಮೈನಸ್ 12 ವೋಲ್ಟ್ ಸ್ಥಿರವಾಗಿ ಕೊಡುವವು). ಬೇಸಿಗೆಯಿಂದ ಗುಂಯ್ ಅನ್ನುತ್ತಿತ್ತು, ವಾಲ್ಯೂಮ್ ಪೂರ್ತಿ ಇಳಿಸಿದರೂ ನಿಲ್ಲುತ್ತಿರಲಿಲ್ಲ. ರಿಪೇರಿಗೆ ಕೊಟ್ಟರೆ ರೆಗ್ಯುಲೇಟರ್ ಎರಡೂ ಬದಲಿಸಿದರು. ಈಗ ಆನ್ ಮಾಡಿದರೆ ಫ್ಯೂಸೇ ಹೋಗುತ್ತದೆ. ದೊಡ್ಡ ಫ್ಯೂಸ್ ಹಾಕಿದರೆ ನಡೆಯುತ್ತಾ? ಶ್ರಾವಣ ಹತ್ತಿರ ಬಂತು.

ಬೀದರ್ ಸೌಂಡ್:
ಟ್ರಾನ್ಸ್‌ಫಾರ್ಮರ್ ಹೋಗಿದೆ ಅಣ್ಣಾ. ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ವಿಚಾರಿಸಿ, ಹೊಸದು ಸಿಗಬಹುದು.

ಬೆಸುಗೆಹುಚ್ಚ:
ನೋಡದೆ ಟ್ರಾನ್ಸ್‌ಫಾರ್ಮರ್ ತರಬೇಡಿ, ಇರುವುದರಲ್ಲಿ ಅದೇ ಜಾಸ್ತಿ ದುಡ್ಡಿನ ಐಟಂ. ದೊಡ್ಡ ಫ್ಯೂಸಂತೂ ಬೇಡವೇ ಬೇಡ, ಆಗ ಫ್ಯೂಸ್ ಬದಲು ವೈಂಡಿಂಗ್ ಸುಡುತ್ತದೆ. 100 ವ್ಯಾಟಿನ ಹಳೇ ಕಾಲದ ಬಲ್ಬ್ ಮೈನ್ಸ್ ವೈರಿಗೆ ಸೀರೀಸ್‌ನಲ್ಲಿ ಹಾಕಿ, ಎಲ್‌ಇಡಿ ನಡೆಯಲ್ಲ. ಒಮ್ಮೆ ಹೊಳೆದು ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಶಾರ್ಟ್. ಸೆಕೆಂಡರಿ (18 ವೋಲ್ಟ್ ಕಡೆಯ) ವೈರ್ ಬಿಚ್ಚಿದ ಮೇಲೂ ಉರಿದರೆ ಮಾತ್ರ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಪಡಿ.

ನನಗೆ ಅನುಮಾನ ಇರುವುದು 7912 ಮೇಲೆ. 7812ರ ಲೋಹದ ಬೆನ್ನು ಗ್ರೌಂಡ್, ಬಾಡಿಗೆ ತಾಗಿದರೂ ತೊಂದರೆ ಇಲ್ಲ. 7912ರ ಬೆನ್ನು ಇನ್‌ಪುಟ್. ನಡುವೆ ಮೈಕಾ (ಕರೆಂಟ್ ತಡೆಯುವ ತೆಳು ಹಾಳೆ) ಇಲ್ಲದೆ ಬಾಡಿಗೆ ಸ್ಕ್ರೂ ಬಿಗಿದರೆ ಮೈನಸ್ ಸಪ್ಲೈ ನೇರ ಗ್ರೌಂಡ್‌ಗೆ! ಕಾಲುಗಳೂ ಬೇರೆ: 7812ಕ್ಕೆ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ಕ್ಕೆ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಪ್ಲಗ್ ಕಿತ್ತು, ಕೆಪಾಸಿಟರ್‌ಗಳನ್ನು 100 ಓಮ್‌ನ ದಪ್ಪ ರೆಸಿಸ್ಟರ್‌ನಿಂದ ಖಾಲಿ ಮಾಡಿ, 7912ರ ಬೆನ್ನಿಗೂ ಬಾಡಿಗೂ ಮೀಟರ್ ಇಡಿ. ಬೀಪ್ ಅನ್ನಬಾರದು.

ಭಜನೆಮನೆ:
ಬೀಪ್ ಅಂದಿತು ರೀ! ಮೈಕಾನೇ ಇರಲಿಲ್ಲ. ಮೈಕಾ, ಪ್ಲಾಸ್ಟಿಕ್ ಬುಷ್ ಎರಡೂ ಹಾಕಿದೆ, ಈಗ ಬಲ್ಬ್ ಮಂಕಾಗುತ್ತದೆ. ಆದರೆ ಗುಂಯ್ ಹಾಗೇ ಇದೆ.

ಬೆಸುಗೆಹುಚ್ಚ:
ಅದು ಬೇರೆ ರೋಗ, ರೆಗ್ಯುಲೇಟರ್ ಬದಲಿಸಿದರೆ ಹೋಗುವಂಥದ್ದಲ್ಲ. ಬಲ್ಬ್ ತೆಗೆದು ಡಿಸಿ ನೋಡಿ, ಎರಡೂ ಕಡೆ 24-25 ವೋಲ್ಟ್ ಬರಬೇಕು, ಲೋಡ್ ಇಲ್ಲದಾಗ ಸ್ವಲ್ಪ ಜಾಸ್ತಿ. ಒಂದು ಕಡೆ ಕಡಿಮೆ ಇದ್ದರೆ ಆ ಕಡೆಯ ಕೆಪಾಸಿಟರ್ ಒಣಗಿರಬಹುದು, ನಮ್ಮ ಬಿಸಿಲಿಗೆ ಅವು ಬೇಗ ಒಣಗುತ್ತವೆ ಅಲ್ವಾ. ಜೋಡಿಯಾಗಿಯೇ ಬದಲಿಸಿ: 50 ವೋಲ್ಟಿನದು, 105 ಡಿಗ್ರಿ ಅಂತ ಬರೆದದ್ದೇ ಕೇಳಿ. ಪ್ಲಸ್ ಮೈನಸ್ ಅದಲುಬದಲು ಆದರೆ ಸಿಡಿಯುತ್ತದೆ, ಮೊದಲ ಸಲ ಮತ್ತೆ ಬಲ್ಬ್ ಹಾಕಿಯೇ ಆನ್ ಮಾಡಿ.