ಅನಾಟಮಿ ಕಲಿಕೆಯ ಥೀಸಿಸ್‌ಗೆ ಸಹಾಯ ಬೇಕು

ನಮಸ್ಕಾರ. ನಾನು ಅನಾಟಮಿ (ದೇಹರಚನಾ ಶಾಸ್ತ್ರ) ಎಂಡಿ ಮಾಡುತ್ತಿದ್ದೇನೆ. ಥೀಸಿಸ್ ವಿಷಯ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಜಾಲವನ್ನು ಕಲಿಸುವ ರೀತಿ. ಒಂದು ಬ್ಯಾಚ್ ತಾವೇ ಶವದ ಡಿಸೆಕ್ಷನ್ (ಕೊಯ್ದು ನೋಡುವುದು) ಮಾಡುತ್ತದೆ, ಇನ್ನೊಂದು ಮೊದಲೇ ಕೊಯ್ದಿಟ್ಟ ಮಾದರಿ ನೋಡಿ ಕಲಿಯುತ್ತದೆ. ಶವ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಕಣ್ಣುರಿದರೂ, ಕಂಕುಳ ರಕ್ತನಾಳದ ಮುಂದೆ ನರಗಳು ಇಂಗ್ಲಿಷಿನ 'ಎಂ' ಹಾಗೆ ಕಂಡಾಗ ಹುಡುಗರ ಮುಖ ಅರಳುತ್ತದೆ. ಆದರೆ ಮೊನ್ನೆ ಒಬ್ಬ ಕೊಬ್ಬು ಬಿಡಿಸಲು ಹೋಗಿ ಆ 'ಎಂ'ನ ಒಂದು ಭಾಗವಾದ ಮಸ್ಕ್ಯುಲೋಕ್ಯುಟೇನಿಯಸ್ ನರವನ್ನೇ ಕತ್ತರಿಸಿಬಿಟ್ಟ! ಯಾವುದು ಮೇಲು ಅಂತ ಸುಮ್ನೆ ಹೇಳೋಕಾಗಲ್ಲ, ಅಲ್ವಾ?

ಪಾಠದ ಮರುದಿನ ಎಲ್ಲರೂ ಚೆನ್ನಾಗಿ ಬರೆಯುತ್ತಾರೆ. ಆರು ತಿಂಗಳ ನಂತರ ಎಷ್ಟು ಉಳಿದಿರುತ್ತೆ ಅನ್ನೋದೇ ನನ್ನ ಪ್ರಶ್ನೆ. ಅದಕ್ಕಾಗಿ ರಿಸ್ಟ್ ಡ್ರಾಪ್ (ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬೀಳುವುದು), ಅರ್ಬ್ಸ್ ಪಾಲ್ಸಿಯಂಥ (ಈ ಜಾಲದ ಮೇಲ್ಭಾಗಕ್ಕೆ ಪೆಟ್ಟಾಗಿ ತೋಳು ಸೋಲುವುದು) ಕೇಸ್‌ಗಳ ಮೇಲೆ 20 ಪ್ರಶ್ನೆ ಬರೆದಿದ್ದೇನೆ. ಮೂಳೆ ಡಾಕ್ಟರ್‌, ಅರಿವಳಿಕೆ ತಜ್ಞರು ಯಾರಾದರೂ ಒಮ್ಮೆ ಓದಿ ತಪ್ಪು ತೋರಿಸ್ತೀರಾ? ಅರ್ಧ ಗಂಟೆ ಸಾಕು. ಕಾಮೆಂಟ್ ಹಾಕಿ, ಕಳಿಸ್ತೇನೆ.